ಬಾಲಕರ ಜ್ಞಾನಗ್ರಂಥಗಳೂ ಪುಸ್ತಕಭಂಡಾರದ ವಿವೇಕವೂ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಮಠವೆಂಬುದು ಅನ್ನಕ್ಕೂ ಅರಿವಿಗೂ ಏಕಕಾಲದಲ್ಲಿ ನೆಲೆಯಾದ ಸ್ಥಾನವು. ಹಸಿದು ಬಂದವನಿಗೆ ಪ್ರಸಾದವನ್ನಿಕ್ಕುವುದು ಹೇಗೆ ದಾಸೋಹವೋ, ತಿಳಿಯಬೇಕೆಂದು ಬಂದವನಿಗೆ ತಿಳಿವನ್ನೀಯುವುದೂ ಹಾಗೆಯೇ ದಾಸೋಹವು. ದಾಸೋಹದ ಅಡುಗೆಮನೆಯಲ್ಲಿ ಭಕ್ತರು ತಂದೊಪ್ಪಿಸಿದ ಅಕ್ಕಿಯನ್ನು ಭಕ್ತಿಯಿಂದಲೇ ಸ್ವೀಕರಿಸುವರು. ಆದರೂ ಕಲ್ಲನ್ನಾರಿಸದೆ ಅದನ್ನು ಎಸರಿಗೆ ಹಾಕುವ ವಾಡಿಕೆಯಿಲ್ಲ. ಆರಿಸುವುದರಿಂದ ದಾನಿಯ ಭಕ್ತಿಗೆ ಕುಂದಿಲ್ಲ, ಉಣ್ಣುವವನ ಹಲ್ಲಿಗೆ ಕ್ಷೇಮವುಂಟು. ಪುಸ್ತಕಭಂಡಾರದಲ್ಲಿಯೂ ಇದೇ ನ್ಯಾಯವು ಸಲ್ಲತಕ್ಕದ್ದಾಗಿದೆ. ಪಂಡಿತರಿಗಾಗಿ ಗ್ರಂಥಗಳನ್ನು ಸಂಗ್ರಹಿಸುವಾಗ ಪಾಠಶುದ್ಧಿ, ಕರ್ತೃ, ಕಾಲ ಇವುಗಳನ್ನೆಲ್ಲ ವಿಚಾರಿಸುವ ಜನರು ಬಾಲಕರ ಪುಸ್ತಕದ ಮಾತು ಬಂದೊಡನೆ ‘ಮಕ್ಕಳಿಗಲ್ಲವೆ, ಯಾವುದಾದರೇನು’ ಎಂದುಬಿಡುವುದುಂಟು. ಪಂಡಿತನಾದರೋ ಗ್ರಂಥದ ದೋಷವನ್ನು ತಾನೇ ಕಂಡು ತಿದ್ದಿಕೊಳ್ಳಬಲ್ಲನು. ಬಾಲಕನಿಗೆ ಆ ಶಕ್ತಿಯಿಲ್ಲ. ಆದುದರಿಂದ ಹೆಚ್ಚಿನ ವಿಚಾರಣೆ ಬೇಕಾದುದು ಬಾಲಕನ ಪುಸ್ತಕಕ್ಕೇ ಹೊರತು ಪಂಡಿತನ ಪುಸ್ತಕಕ್ಕಲ್ಲ. ಕನ್ನಡನಾಡಿನಲ್ಲಿ ಜ್ಞಾನಗ್ರಂಥಗಳು ನಡೆದುಬಂದ ದಾರಿಯನ್ನು ಅವಲೋಕಿಸಿದರೆ ಈ ಮಾತಿನ ಸತ್ಯವು ವಿಶದವಾಗುವುದು.

ಜ್ಞಾನಗ್ರಂಥಗಳೆಂದರೆ ಇಲ್ಲಿ ಕಥೆ, ಹಾಡು, ನಾಟಕಗಳಲ್ಲ. ಭೂಮಿ, ಆಕಾಶ, ಪ್ರಾಣಿ, ಸಸ್ಯ, ದೇಹ, ಯಂತ್ರ, ಬೇಸಾಯ, ನಾಡಿನ ಚರಿತ್ರೆ ಮೊದಲಾದ ನಿಜವಿಷಯಗಳನ್ನು ಬಾಲಕರಿಗೆ ತಿಳಿಯಹೇಳುವ ಪುಸ್ತಕಗಳು. ಕಥೆಗಳಿಂದ ಮಕ್ಕಳ ಹೃದಯವು ಅರಳುವುದೆಂಬುದು ನಿರ್ವಿವಾದವು. ಆದರೆ ಕಥೆಯಲ್ಲಿ ಬಂದುದನ್ನು ಮಕ್ಕಳು ಕಥೆಯೆಂದು ತಿಳಿಯುವರು. ಜ್ಞಾನಗ್ರಂಥದಲ್ಲಿ ಬಂದುದನ್ನು ನಿಜವೆಂದು ನಂಬುವರು. ಈ ನಂಬಿಕೆಯೇ ಆಯ್ದುಕೊಡುವವನ ಮೇಲಿನ ಋಣಭಾರವು.

ಪ್ರಾಚೀನ ಕಾಲದ ಸ್ಥಿತಿ

ಲೌಕಿಕ ವಿದ್ಯೆಗಳನ್ನು ಕುರಿತು ಗ್ರಂಥರಚನೆ ಮಾಡುವ ಪದ್ಧತಿಯು ಕನ್ನಡದಲ್ಲಿ ಹೊಸದೇನೂ ಅಲ್ಲ. ೧೧ನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಕೃಷಿ, ವಾಸ್ತು, ವೈದ್ಯ, ಪಾಕ ಮೊದಲಾದ ಗೃಹಸ್ಥೋಪಯೋಗಿ ವಿಷಯಗಳ ಸಂಗ್ರಹವಾಗಿದೆ. ೧೨ನೆಯ ಶತಮಾನದ ರಾಜಾದಿತ್ಯನು ಗಣಿತವನ್ನೂ, ೧೪ನೆಯ ಶತಮಾನದ ಮಂಗರಾಜನು ತನ್ನ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನೂ ಕನ್ನಡಕ್ಕೆ ತಂದರು. ಶಿವಯೋಗಿಗಳ ಪರಂಪರೆಯಲ್ಲಿ ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ಯನ್ನು ರಚಿಸಿ, ವೇದಾಂತ ಶಾಸ್ತ್ರಾದಿಗಳ ಜತೆಯಲ್ಲಿ ಸಂಗೀತ, ವೈದ್ಯ, ಭೂಗೋಳ, ಖಗೋಳಗಳ ವಿಷಯಗಳನ್ನೂ ಕನ್ನಡ ಗದ್ಯದಲ್ಲಿ ಒಂದೆಡೆಗೆ ಕೂಡಿಸಿಟ್ಟರು. ಪದ್ಯವೇ ಪ್ರಧಾನವಾಗಿದ್ದ ಕಾಲದಲ್ಲಿ ತಿಳಿವಳಿಕೆಗಾಗಿ ಗದ್ಯವನ್ನಾಯ್ದುಕೊಂಡುದು ಆ ಮಹನೀಯರ ಲೋಕಾನುಗ್ರಹಬುದ್ಧಿಗೆ ಸಾಕ್ಷಿಯಾಗಿದೆ.

ಇವೆಲ್ಲವುಗಳಿಗಿಂತಲೂ ಪ್ರಕೃತ ವಿಷಯಕ್ಕೆ ಹತ್ತಿರವಾದುದು ಕೆಳದಿಯ ಬಸವಭೂಪಾಲನ ‘ಶಿವತತ್ತ್ವರತ್ನಾಕರ’ವು. ೧೬೯೭ರಿಂದ ೧೭೧೪ರ ವರೆಗೆ ರಾಜ್ಯಭಾರ ಮಾಡಿದ ಈ ವೀರಶೈವ ದೊರೆಯು ಸಂಸ್ಕೃತದಲ್ಲಿ ರಚಿಸಿದ ಈ ಮಹಾಗ್ರಂಥವು ೯ ಕಲ್ಲೋಲಗಳಲ್ಲಿಯೂ ೧೦೮ ತರಂಗಗಳಲ್ಲಿಯೂ ಹಬ್ಬಿಕೊಂಡು, ಜಗತ್ತಿನ ರಚನೆ, ರಾಜನೀತಿ, ಶಿಲ್ಪ, ಸಂಗೀತ, ಗಜಾಶ್ವಲಕ್ಷಣ, ಪಾಕಶಾಸ್ತ್ರ, ಕೆಳದಿಯ ವಂಶಚರಿತ್ರೆ ಇವೆಲ್ಲವನ್ನೂ ಒಳಗೊಂಡಿದೆ. ಗ್ರಂಥದ ವಿಸ್ತಾರಕ್ಕಿಂತ ಅದರ ಬಂಧವು ಹೆಚ್ಚು ವಿಚಾರಾರ್ಹವಾದುದು. ಮಗನಾದ ಸೋಮಶೇಖರನು ಕೇಳುವನು, ತಂದೆಯು ಹೇಳುವನು. ಆ ಸಂವಾದದ ರೂಪದಲ್ಲಿ ಸಕಲ ವಿದ್ಯೆಗಳೂ ನಿರೂಪಿತವಾಗಿವೆ. ಹೇಳುವವನಿಗೆ ಬಹಳ ತಿಳಿದಿದೆಯೆಂಬುದರಿಂದಲ್ಲ, ಕೇಳುವವನಿಗೆ ತಿಳಿಯಬೇಕಾಗಿದೆಯೆಂಬುದರಿಂದ ಗ್ರಂಥವು ಹುಟ್ಟತಕ್ಕದ್ದೆಂಬ ತತ್ತ್ವವು ಇಲ್ಲಿ ತಾನಾಗಿಯೇ ಸಿದ್ಧವಾಗಿದೆ. ಇಂದಿಗೂ ಬಾಲಕರ ಜ್ಞಾನಗ್ರಂಥವನ್ನು ಪರೀಕ್ಷಿಸುವವರು ಮೊತ್ತಮೊದಲು ಕೇಳಬೇಕಾದ ಪ್ರಶ್ನೆಯು ಇದೇ: ಈ ಪುಸ್ತಕದಲ್ಲಿ ಸೋಮಶೇಖರನು ಇರುವನೋ, ಇಲ್ಲವೋ?

ಆದರೆ ಇಂತಹ ಗ್ರಂಥಗಳು ಅರಮನೆಗಳಲ್ಲಿಯೂ ಮಠಗಳಲ್ಲಿಯೂ ಓಲೆಯ ಕಟ್ಟುಗಳಾಗಿ ಉಳಿದುವಲ್ಲದೆ ಊರ ಮಕ್ಕಳ ಕೈಗೆ ಬರಲಿಲ್ಲ. ಊರಿನ ಅಯ್ಯನವರ ಮಠದಲ್ಲಿ ಬಾಲಕರು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತೀಡಿ, ಮಗ್ಗಿಯನ್ನು ಬಾಯಿಪಾಠ ಮಾಡಿ, ಅಮರಕೋಶವನ್ನೂ ಶತಕಗಳನ್ನೂ ಪುರಾಣಗಳನ್ನೂ ಗುರುಮುಖದಿಂದ ಕಲಿಯುತ್ತಿದ್ದರು. ಕೈಗೆ ಪುಸ್ತಕವೇ ಇಲ್ಲದಿದ್ದುದರಿಂದ ಪುಸ್ತಕದ ಆಯ್ಕೆಯೆಂಬ ಪ್ರಶ್ನೆಯೂ ಏಳಲಿಲ್ಲ. ಯಾವ ಬಾಲಕನಿಗೆ ಯಾವಾಗ ಏನನ್ನು ಹೇಳಬೇಕೆಂಬುದನ್ನು ಗುರುವೇ ನಿಶ್ಚಯಿಸುತ್ತಿದ್ದನು. ಶಿಷ್ಯನು ತಪ್ಪಾಗಿ ಗ್ರಹಿಸಿದರೆ ಒಡನೆಯೇ ತಿದ್ದುತ್ತಿದ್ದನು. ಮುದ್ರಣವು ಬಂದ ಬಳಿಕ ಪುಸ್ತಕವು ಗುರುವನ್ನು ಬಿಟ್ಟು ತಾನೊಂದೇ ಮಗುವಿನ ಎದುರು ನಿಲ್ಲುವಂತಾಯಿತು. ಅಲ್ಲಿ ತಿದ್ದುವವರಿಲ್ಲ. ಆಯ್ಕೆಯ ಹೊಣೆಯು ಹುಟ್ಟಿದುದು ಅಲ್ಲಿಂದಲೇ.

ಮುದ್ರಣಯುಗ

೧೮೪೧ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ಮುದ್ರಣಾಲಯವು ಸ್ಥಾಪಿತವಾಗಿ, ಧರ್ಮಪುಸ್ತಕಗಳೊಂದಿಗೆ ಕನ್ನಡ ಶಾಲಾಪುಸ್ತಕಗಳೂ ಅಚ್ಚಾಗತೊಡಗಿದುವು. ಮುಂಬಯಿ ಇಲಾಖೆಗೆ ಸೇರಿದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಆ ಕಾಲದಲ್ಲಿ, ವಿದ್ಯಾಖಾತೆಯ ಅಧಿಕಾರಿಗಳಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳ ಏಳ್ಗೆಗಾಗಿ ಪಟ್ಟ ಶ್ರಮವು ಚಿರಸ್ಮರಣೀಯವಾದುದು. ೧೮೬೫ರಲ್ಲಿ ಬೆಳಗಾವಿಯಿಂದ ಹೊರಟ ಶಿಕ್ಷಕರ ಪತ್ರಿಕೆಗೆ ‘ಮಠಪತ್ರಿಕೆ’ಯೆಂದೇ ಹೆಸರಿಟ್ಟರು, ಆ ಸೀಮೆಯಲ್ಲಿ ಶಾಲೆಗೆ ಮಠವೆಂಬ ಹೆಸರೇ ರೂಢವಾಗಿದ್ದಿತು. ಅದೇ ಪತ್ರಿಕೆಯು ಮುಂದೆ ‘ಜೀವನ ಶಿಕ್ಷಣ’ವೆಂಬ ಹೆಸರನ್ನು ತಾಳಿತು. ಶಾಲೆಗೂ ಮಠಕ್ಕೂ ಇದ್ದ ಈ ನಾಮೈಕ್ಯವು ಮಠಗಳ ಭಕ್ತರು ಮರೆಯಬಾರದ ಸಂಗತಿಯಾಗಿದೆ.

೧೮೯೦ರಲ್ಲಿ ರಾ. ಹ. ದೇಶಪಾಂಡೆಯವರ ಉದ್ಯಮದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಒಳ್ಳೆಯ ಕನ್ನಡ ಗ್ರಂಥಗಳನ್ನು ಬರೆಯಿಸಿ ಗ್ರಂಥಕಾರರನ್ನು ಪ್ರೋತ್ಸಾಹಿಸುವುದು ಅದರ ಮುಖ್ಯೋದ್ದೇಶಗಳಲ್ಲಿ ಒಂದಾಗಿದ್ದಿತು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಬೆಂಗಳೂರಿನಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವಿಷಯಗಳನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ಮಾಡಿ ತೋರಿಸಿದರು. ಪತ್ರಿಕೆಯು ಎರಡೇ ವರ್ಷ ಬಾಳಿತಾದರೂ ಅದು ಹಾಕಿಕೊಟ್ಟ ಮೇಲ್ಪಂಕ್ತಿಯು ಅಳಿಯಲಿಲ್ಲ.

ಆದರೂ ಕೇವಲ ಬಾಲಕರನ್ನೇ ಉದ್ದೇಶಿಸಿದ, ಪರೀಕ್ಷೆಯ ಹಂಗಿಲ್ಲದ ಜ್ಞಾನಗ್ರಂಥವು ವಿಸ್ತಾರವಾಗಿ ಬಂದುದು ೧೯೩೦ರ ದಶಕದಲ್ಲಿ. ಪುತ್ತೂರಿನಲ್ಲಿ ನೆಲಸಿದ್ದ ಕೋಟ ಶಿವರಾಮ ಕಾರಂತರು ೩ ಸಂಪುಟಗಳ ‘ಬಾಲಪ್ರಪಂಚ’ವನ್ನು ಸಚಿತ್ರವಾಗಿ ಹೊರತಂದರು; ೧೯೫೯ರಿಂದ ಮುಂದಕ್ಕೆ ೪ ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಅವರೇ ರಚಿಸಿದರು. ೧೯೭೦ರ ದಶಕದಲ್ಲಿ ನಿರಂಜನರ ಪ್ರಧಾನ ಸಂಪಾದಕತ್ವದಲ್ಲಿ ಕಿರಿಯರ ವಿಶ್ವಕೋಶವಾದ ‘ಜ್ಞಾನಗಂಗೋತ್ರಿ’ಯ ೭ ಸಂಪುಟಗಳು ಸಿದ್ಧವಾದುವು. ಕಾರಂತರದು ಏಕವ್ಯಕ್ತಿಯ ತಪಸ್ಸು. ‘ಜ್ಞಾನಗಂಗೋತ್ರಿ’ಯು ಬಹುಜನ ವಿದ್ವಾಂಸರ ಸಹಕಾರದ ಫಲ. ಅದೇ ದಶಕದಲ್ಲಿ ರಾಷ್ಟ್ರೋತ್ಥಾನ ಪರಿಷತ್ತು ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ‘ಭಾರತ ಭಾರತಿ’ಯೆಂಬ ಮಾಲೆಯಲ್ಲಿ ಮಹಾಪುರುಷರ ಚರಿತ್ರೆಗಳನ್ನು ೫೦೦ಕ್ಕೂ ಮಿಕ್ಕು ಚಿಕ್ಕ ಪುಸ್ತಕಗಳಲ್ಲಿ ಪ್ರಕಟಿಸಿತು. ೧೯೭೮ರಲ್ಲಿ ‘ಬಾಲವಿಜ್ಞಾನ’ ಮಾಸಪತ್ರಿಕೆಯೂ, ೧೯೮೦ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತೂ ಉದಯಿಸಿದುವು. ಹೀಗೆ, ಒಂದು ಕಾಲದಲ್ಲಿ ಅರಸನ ಮಗನೊಬ್ಬನಿಗೆ ದೊರಕಿದ ಭಾಗ್ಯವು ಕನ್ನಡದ ಸಾಮಾನ್ಯ ಬಾಲಕನಿಗೂ ದೊರಕುವಂತಾಯಿತು. ಮೊದಲು ಪುಸ್ತಕದ ಅಭಾವವೇ ಕಷ್ಟವಾಗಿದ್ದಿತು. ಈಗ ಪುಸ್ತಕದ ಬಾಹುಳ್ಯದಲ್ಲಿ ಒಳ್ಳೆಯದನ್ನಾರಿಸುವುದೇ ಕಷ್ಟವಾಗಿದೆ.

ಭಂಡಾರಗಳು

ಪುಸ್ತಕಾಲಯಗಳ ಶಾಸ್ತ್ರಕ್ಕೆ ಭಾರತದಲ್ಲಿ ತಳಹದಿಯನ್ನು ಹಾಕಿದ ಶಿ. ರಾ. ರಂಗನಾಥನ್‌ರವರು ೧೯೩೧ರಲ್ಲಿ ತಮ್ಮ ಪಂಚಸೂತ್ರಗಳನ್ನು ಪ್ರಕಟಿಸಿದರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಆ ಶಾಸ್ತ್ರದ ಸಂಶೋಧನ ಕೇಂದ್ರವೊಂದನ್ನು ನೆಲೆಗೊಳಿಸಿದರು. ಓದುಗನಿಗೂ ಪುಸ್ತಕಕ್ಕೂ ತಕ್ಕ ಜೋಡಿಯನ್ನು ಕೂಡಿಸುವುದೇ ಭಂಡಾರದ ಧರ್ಮವೆಂದೂ, ಭಂಡಾರವು ಬೆಳೆಯುತ್ತಿರುವ ಜೀವಿಯಂತೆ ಇರುವುದೆಂದೂ ಅವರ ಅಭಿಪ್ರಾಯವು. ೧೯೬೫ರಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಅಂದಿನ ಮೈಸೂರು ರಾಜ್ಯದಲ್ಲಿ ಅಂಗೀಕೃತವಾಗಿ ಊರೂರುಗಳಿಗೆ ಪುಸ್ತಕಗಳು ತಲಪುವ ಮಾರ್ಗವು ತೆರೆಯಿತು.

ಮಠಗಳ ಭಂಡಾರಗಳ ಚರಿತ್ರೆಯಾದರೋ ಬೇರೆ ಬಗೆಯದು. ಹಾನಗಲ್ಲ ಕುಮಾರ ಮಹಾಸ್ವಾಮಿಗಳವರು ೧೯೦೯ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ತಾಳೆಯೋಲೆಯ ಗ್ರಂಥಗಳು ಸಂಗ್ರಹವಾದುವು. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆಮನೆಗಳನ್ನೂ ಮಠಗಳನ್ನೂ ತಿರುಗಿ ವಚನಗಳ ಕಟ್ಟುಗಳನ್ನು ಶೋಧಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂದು ಒಂದು ಗರಿಯನ್ನು ಕಳೆದಿದ್ದರೆ ಒಬ್ಬ ಶರಣರ ವಾಣಿಯೇ ಕಳೆದುಹೋಗುತ್ತಿದ್ದಿತು. ಆದುದರಿಂದ ಬರೆದುದೆಲ್ಲವನ್ನೂ ಕಾಯಬೇಕು, ಒಂದನ್ನೂ ಹೊರಹಾಕಬಾರದೆಂಬ ಶ್ರದ್ಧೆಯು ಮಠಗಳಲ್ಲಿ ಬೇರೂರಿತು. ಇದು ಯೋಗ್ಯವಾದ ಶ್ರದ್ಧೆಯೇ. ಆದರೆ ಅದೇ ಶ್ರದ್ಧೆಯನ್ನು ಪ್ರಸಾದನಿಲಯದ ಬಾಲಕರ ಕಪಾಟಿಗೂ ಅನ್ವಯಿಸಿದಾಗ ಅನರ್ಥವುಂಟಾಗುವುದು. ಇದಕ್ಕೆ ಕಾರಣವನ್ನು ಮುಂದೆ ವಿಶದಪಡಿಸಲಾಗುವುದು.

ಅನುಬಂಧ ಚತುಷ್ಟಯ

ಗ್ರಂಥಾರಂಭದಲ್ಲಿ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನವೆಂಬ ನಾಲ್ಕು ಅನುಬಂಧಗಳನ್ನು ವಿಚಾರಿಸುವುದು ಪ್ರಾಚೀನ ಶಾಸ್ತ್ರಕಾರರ ಮರ್ಯಾದೆಯು. ಬಾಲಕರ ಪುಸ್ತಕವನ್ನಾರಿಸುವುದಕ್ಕೆ ಇದಕ್ಕಿಂತ ಉತ್ತಮವಾದ ಒರೆಗಲ್ಲು ಬೇಕಾಗಿಲ್ಲ.

ಮೊದಲನೆಯದು ಅಧಿಕಾರಿ. ಎಂಟು ವರ್ಷದ ಮಗುವಿಗೂ ಹದಿನಾಲ್ಕು ವರ್ಷದ ಬಾಲಕನಿಗೂ ಒಂದೇ ಪುಸ್ತಕವು ಸಲ್ಲದು. ಚಿಕ್ಕವರಿಗೆ ಚಿತ್ರವು ಹಿರಿದಾಗಿಯೂ ಮಾತು ಕಿರಿದಾಗಿಯೂ ಇರಬೇಕು. ದೊಡ್ಡವರಿಗೆ ವಿಷಯಸೂಚಿಯೂ ಅಕಾರಾದಿಯೂ ಇದ್ದು, ಬೇಕಾದುದನ್ನು ತಾವೇ ಹುಡುಕಿಕೊಳ್ಳುವಂತಿರಬೇಕು. ಅಧಿಕಾರಿಗಳಲ್ಲಿ ಹೆಣ್ಣುಮಕ್ಕಳೂ ಸೇರಿರುವರೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಗೌರವಿಸಿದ ಪರಂಪರೆಯವರು, ಯಂತ್ರದ ಪುಸ್ತಕವು ಗಂಡುಮಕ್ಕಳಿಗೆ, ಅಡುಗೆಯ ಪುಸ್ತಕವು ಹೆಣ್ಣುಮಕ್ಕಳಿಗೆ ಎಂದು ಕಪಾಟನ್ನು ಸೀಳುವುದು ಯುಕ್ತವಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳವರೂ ಪುಟ್ಟರಾಜ ಗವಾಯಿಗಳವರೂ ಅಂಧ ಬಾಲಕರಿಗೆ ವಿದ್ಯಾದಾನ ಮಾಡಿದುದನ್ನು ನೆನೆದರೆ, ಬೆರಳಿನಿಂದ ಓದುವ ಬ್ರೈಲ್ ಪುಸ್ತಕಗಳೂ ಆಯ್ಕೆಯಲ್ಲಿ ಸೇರಬೇಕೆಂಬುದು ತಾನಾಗಿಯೇ ಹೊಳೆಯುವುದು.

ಎರಡನೆಯದು ವಿಷಯ. ಮಕ್ಕಳು ಕೇಳುವ ಪ್ರಶ್ನೆಗಳಿಗೂ ಕಪಾಟಿನಲ್ಲಿರುವ ವಿಷಯಗಳಿಗೂ ಹೊಂದಿಕೆಯಿರಬೇಕು. ಮಹಾಪುರುಷರ ಚರಿತ್ರೆಗಳೇ ನೂರಿದ್ದು, ದೇಹದ ವಿಷಯವಾಗಿ ಒಂದೂ ಇಲ್ಲದಿದ್ದರೆ ಆ ಕಪಾಟು ಒಂದೇ ಪದಾರ್ಥವನ್ನು ಬಡಿಸಿದ ಎಲೆಯಂತಾಗುವುದು. ಅನ್ಯದೇಶೀಯ ಗ್ರಂಥಗಳ ಅನುವಾದಗಳಲ್ಲಿ ಚಿತ್ರಗಳು ಅಂದವಾಗಿರುವುವು. ಆದರೆ ಋತುಗಳನ್ನು ಹೇಳುವಾಗ ಹಿಮ ಬೀಳುವ ನಾಲ್ಕು ಋತುಗಳನ್ನು ಹೇಳಿ ಮುಗಿಸುವುವು. ವಿಜಾಪುರದ ಎರೆಭೂಮಿಯ ಬಾಲಕನು ಮುಂಗಾರು, ಹಿಂಗಾರುಗಳನ್ನು ಕಣ್ಣಿನಿಂದ ಕಂಡವನು. ಅವನ ಪುಸ್ತಕದಲ್ಲಿ ಅವನ ಮಳೆಯೇ ಇಲ್ಲದಿದ್ದರೆ, ತಿಳಿವೆಂಬುದು ಬೇರೆ ದೇಶದ ಸೊತ್ತೆಂದು ಅವನು ಭ್ರಮಿಸುವನು. ಅನುವಾದವನ್ನು ತ್ಯಜಿಸಬೇಕಾಗಿಲ್ಲ, ಅದರ ಮಗ್ಗುಲಲ್ಲಿ ಈ ನೆಲದ ಬೆಳೆ, ಹಕ್ಕಿ, ಮಣ್ಣು, ನದಿಗಳನ್ನು ಹೇಳುವ ಪುಸ್ತಕವನ್ನಿಡಬೇಕು.

ಮೂರನೆಯದು ಸಂಬಂಧ, ಅಂದರೆ ಪುಸ್ತಕದ ಮಾತಿಗೂ ವಸ್ತುವಿನ ಸ್ವರೂಪಕ್ಕೂ ಇರುವ ನಂಟು. ಇಲ್ಲಿಯೇ ಪ್ರಮಾಣವಿಚಾರವು ಬರುವುದು. ಕೆಲವು ಪುಸ್ತಕಗಳು ಎಲ್ಲವನ್ನೂ ಶಬ್ದಪ್ರಮಾಣದಿಂದಲೇ ಸಾಧಿಸುವುವು: ಹೀಗಿದೆ, ನಂಬು. ಉತ್ತಮವಾದ ಪುಸ್ತಕವು ಪ್ರತ್ಯಕ್ಷಕ್ಕೂ ಅನುಮಾನಕ್ಕೂ ದಾರಿಮಾಡಿಕೊಡುವುದು. ಭೂಮಿಯು ದುಂಡಾಗಿದೆಯೆಂದಷ್ಟೇ ಹೇಳುವ ಪುಸ್ತಕಕ್ಕಿಂತ, ಚಂದ್ರಗ್ರಹಣದಲ್ಲಿ ಬೀಳುವ ನೆರಳಿನ ಅಂಚು ಬಾಗಿರುವುದನ್ನು ನೋಡೆಂದು ಅಂಗಳಕ್ಕೆ ಕಳುಹಿಸುವ ಪುಸ್ತಕವು ಮೇಲು. ಗ್ರಹವೆಂಬ ಶಬ್ದವನ್ನೇ ನೋಡಬಹುದು. ಪಂಚಾಂಗದ ನವಗ್ರಹಗಳಲ್ಲಿ ಸೂರ್ಯ, ಚಂದ್ರ, ರಾಹು, ಕೇತುಗಳು ಸೇರಿರುವರು, ಭೂಮಿಯು ಸೇರಿಲ್ಲ. ಖಗೋಳವಿಜ್ಞಾನದಲ್ಲಿ ಸೂರ್ಯನು ನಕ್ಷತ್ರ, ಚಂದ್ರನು ಉಪಗ್ರಹ, ಭೂಮಿಯೇ ಗ್ರಹ. ಒಂದೇ ಶಬ್ದವು ಎರಡು ಶಾಸ್ತ್ರಗಳಲ್ಲಿ ಎರಡು ಅರ್ಥವನ್ನು ತಾಳಿರುವುದನ್ನು ಬಿಡಿಸಿ ಹೇಳದ ಪುಸ್ತಕವು ಕನ್ನಡದ ಮಗುವನ್ನು ಗೊಂದಲದಲ್ಲಿ ಕೆಡಹುವುದು.

ನಾಲ್ಕನೆಯದು ಪ್ರಯೋಜನ. ಪರೀಕ್ಷೆಯಲ್ಲಿ ಅಂಕಗಳನ್ನು ಗಳಿಸಿಕೊಡುವ ಪುಸ್ತಕಕ್ಕೆ ಬೇರೆ ಸ್ಥಳವುಂಟು. ಭಂಡಾರದ ಜ್ಞಾನಗ್ರಂಥದ ಪ್ರಯೋಜನವಾದರೋ ಒಂದು ಪ್ರಶ್ನೆಗೆ ಉತ್ತರವನ್ನಿತ್ತು ಮತ್ತೆರಡು ಪ್ರಶ್ನೆಗಳನ್ನು ಹುಟ್ಟಿಸುವುದು.

ಬಾಧಿತವಾದ ಜ್ಞಾನ

ಈಗ ಹಿಂದೆ ಸೂಚಿಸಿದ ಅನರ್ಥದ ವಿಚಾರ. ಸಿಂಪಿಯನ್ನು ಬೆಳ್ಳಿಯೆಂದು ಕಂಡವನಿಗೆ ಹತ್ತಿರ ಹೋದ ಮೇಲೆ ಸಿಂಪಿಯೆಂದು ತಿಳಿದರೆ, ಮೊದಲಿನ ಜ್ಞಾನವು ಬಾಧಿತವಾಯಿತೆಂದು ಶಾಸ್ತ್ರಗಳು ಹೇಳುವುವು. ಅನುಭಾವದ ಗ್ರಂಥಕ್ಕೆ ಕಾಲದಿಂದ ಬಾಧೆಯಿಲ್ಲ. ಲೌಕಿಕ ವಿಷಯದ ಗ್ರಂಥಕ್ಕೆ ಬಾಧೆಯುಂಟು. ೧೯೩೦ರಲ್ಲಿ ಕಂಡುಹಿಡಿಯಲ್ಪಟ್ಟ ಪ್ಲೂಟೊವನ್ನು ಒಂಬತ್ತನೆಯ ಗ್ರಹವೆಂದು ಪುಸ್ತಕಗಳು ಎಣಿಸುತ್ತಿದ್ದುವು. ೨೦೦೬ರಲ್ಲಿ ಖಗೋಳಜ್ಞರ ಅಂತರರಾಷ್ಟ್ರೀಯ ಒಕ್ಕೂಟವು ಅದನ್ನು ಕುಬ್ಜಗ್ರಹವೆಂದು ನಿರ್ಣಯಿಸಿದ ಮೇಲೆ ಗ್ರಹಗಳು ಎಂಟು. ಸಿಡುಬು ೧೯೮೦ರಲ್ಲಿ ಲೋಕದಿಂದಲೇ ನಿರ್ಮೂಲವಾಯಿತೆಂದು ಘೋಷಿತವಾಯಿತು. ಅದಕ್ಕೆ ಪೂರ್ವದ ಆರೋಗ್ಯಗ್ರಂಥಗಳು ಅದನ್ನು ಇರುವ ರೋಗವೆಂದೇ ವರ್ಣಿಸುವುವು. ೧೯೫೬ರಲ್ಲಿ ಏಕೀಕೃತವಾದ ರಾಜ್ಯವು ೧೯೭೩ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಸೇರಿ ಜಿಲ್ಲೆಗಳ ಸಂಖ್ಯೆ ೩೧ ಆಯಿತು. ಚೀತಾ ಭಾರತದಿಂದ ಅಳಿಯಿತೆಂದು ೧೯೫೨ರಲ್ಲಿ ಸಾರಲಾಗಿದ್ದಿತು. ೨೦೨೨ರಲ್ಲಿ ನಮೀಬಿಯಾದಿಂದ ಅದನ್ನು ಮರಳಿ ತರಲಾಯಿತು. ಹಳೆಯ ಪುಸ್ತಕವು ಬರೆದ ಕಾಲಕ್ಕೆ ಸತ್ಯವನ್ನೇ ಹೇಳಿದ್ದಿತು. ಆದರೆ ಮಗುವು ಅದನ್ನು ಓದುವುದು ಇಂದು.

ಹಾಗಾದರೆ ಹಳೆಯ ಪುಸ್ತಕವನ್ನು ಕಸಕ್ಕೆ ಎಸೆಯಬೇಕೆ? ಎಂದಿಗೂ ಕೂಡದು. ‘ಬಾಲಪ್ರಪಂಚ’ದಂತಹ ಕೃತಿಯು ಕನ್ನಡದ ಬಾಲಸಾಹಿತ್ಯದ ಚರಿತ್ರೆಗೆ ಆಧಾರಸ್ತಂಭವು. ಅದರ ಸ್ಥಾನವು ಬಾಲಕರ ಕಪಾಟಿನಿಂದ ಚರಿತ್ರೆಯ ಕಪಾಟಿಗೆ ಸಾಗಬೇಕು, ಅಷ್ಟೇ. ಕಾಯುವ ಭಂಡಾರ, ಬಳಸುವ ಭಂಡಾರ ಎಂದು ಎರಡನ್ನು ಬೇರ್ಪಡಿಸಿದರೆ ಮಠದ ಸಂರಕ್ಷಣವ್ರತಕ್ಕೂ ಭಂಗವಿಲ್ಲ, ಬಾಲಕನ ಜ್ಞಾನಕ್ಕೂ ಹಾನಿಯಿಲ್ಲ. ಪ್ರತಿ ವರ್ಷವೂ ಒಮ್ಮೆ ಬಾಲಕರ ಕಪಾಟನ್ನು ಪೂರ್ತಿ ಇಳಿಸಿ, ಒಂದೊಂದು ಪುಸ್ತಕದ ಮುದ್ರಣದ ವರ್ಷವನ್ನು ನೋಡಿ, ವಿಷಯವನ್ನು ಬಲ್ಲ ಉಪಾಧ್ಯಾಯರಿಂದ ಓದಿಸಿ, ಬಾಧಿತವಾದುದನ್ನು ಸಾಗಿಸುವುದು ಭಂಡಾರಿಯ ನಿತ್ಯಕರ್ಮಗಳಲ್ಲಿ ಸೇರಬೇಕು. ಭಕ್ತರು ದಾನವಾಗಿ ಕೊಟ್ಟ ಪುಸ್ತಕಗಳೂ ಈ ವಿಚಾರಣೆಗೆ ಹೊರತಲ್ಲ. ಮನೆಯಲ್ಲಿ ಸ್ಥಳವಿಲ್ಲವೆಂದು ತಂದೊಪ್ಪಿಸಿದ ಪುಸ್ತಕವೂ, ಮಗುವಿಗೆ ಬೇಕಾದುದೇನೆಂದು ಕೇಳಿ ಕೊಂಡು ತಂದ ಪುಸ್ತಕವೂ ಸಮಾನವಾದ ದಾನವಲ್ಲವೆಂಬುದನ್ನು ಭಕ್ತರು ತಾವೇ ವಿವೇಚಿಸುವರು.

ಶರಣರ ಚರಿತ್ರೆಗಳು

ಮಠಕ್ಕೆ ಅತ್ಯಂತ ಸಮೀಪವಾದ ವಿಷಯದಲ್ಲಿಯೇ ಅತ್ಯಂತ ಎಚ್ಚರವು ಬೇಕು. ಬಸವಣ್ಣನವರ ಚರಿತ್ರೆಗೆ ಹರಿಹರನ ರಗಳೆ, ೧೩ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನನುಸರಿಸಿ ೧೩೬೯ರಲ್ಲಿ ರಚಿತವಾದ ಭೀಮಕವಿಯ ಕನ್ನಡ ಬಸವಪುರಾಣ ಇವು ಕಾವ್ಯಮೂಲಗಳು. ೧೨೬೦ರ ಅರ್ಜುನವಾಡದ ಶಿಲಾಶಾಸನವು ಶಾಸನಮೂಲ. ಕಾವ್ಯವು ಭಕ್ತಿಯ ದೃಷ್ಟಿಯಿಂದಲೂ, ಶಾಸನವು ಲೌಕಿಕ ಸಾಕ್ಷ್ಯವಾಗಿಯೂ ಮಾತಾಡುವುದು. ಮಕ್ಕಳಿಗಾಗಿ ಬರೆದ ಶರಣಚರಿತ್ರೆಗಳಲ್ಲಿ ಇವೆರಡನ್ನೂ ಕಲಸಿ ಯಾವುದು ಪವಾಡ, ಯಾವುದು ನಡೆದ ಸಂಗತಿ ಎಂಬುದು ತಿಳಿಯದಂತೆ ಮಾಡಿರುವುದುಂಟು. ಪವಾಡದ ಕಥೆಯನ್ನು ಭಕ್ತಿಕಥೆಯೆಂದೇ ಹೇಳಿ ಆ ಕಪಾಟಿನಲ್ಲಿಡಬೇಕು. ಚರಿತ್ರೆಯ ಪುಸ್ತಕವು ಕಲ್ಯಾಣ, ಬಿಜ್ಜಳ, ಕಾಯಕ, ದಾಸೋಹಗಳನ್ನು ಆಧಾರಸಹಿತವಾಗಿ ಹೇಳಬೇಕು. ಹೀಗೆ ಬೇರ್ಪಡಿಸುವುದರಿಂದ ಭಕ್ತಿಯು ಕ್ಷೀಣಿಸುವುದೆಂಬ ಭಯವು ಕೆಲವರಲ್ಲಿರುವುದು. ವಾಸ್ತವದಲ್ಲಿ ಇದಕ್ಕೆ ವಿಪರ್ಯಾಸವಾದುದೇ ನಡೆಯುವುದು. ಎಲ್ಲವನ್ನೂ ಚರಿತ್ರೆಯೆಂದು ಕಲಿತ ಬಾಲಕನು ಬೆಳೆದು ಒಂದನ್ನು ಸಂದೇಹಿಸಿದಾಗ, ಜತೆಗೆ ಎಲ್ಲವನ್ನೂ ಕೈಬಿಡುವನು; ಬೇರ್ಪಡಿಸಿ ಕಲಿತವನಿಗೆ ಎರಡೂ ಉಳಿಯುವುವು. ಅರಿವನ್ನೇ ಗುರುವೆಂದ ಶರಣರ ಚರಿತ್ರೆಯನ್ನು ಅರಿವಿಗೆ ಮರೆಮಾಡಿ ಹೇಳುವುದು ಅವರಿಗೆ ಸಲ್ಲಿಸುವ ಗೌರವವಾಗಲಾರದು.

ಮಹೋತ್ಸವಗಳ ನೆನಪಿಗಾಗಿ ಮಹಾದ್ವಾರಗಳೂ ಸಭಾಮಂಟಪಗಳೂ ಏಳುವುದು ಸಹಜವಾಗಿದೆ. ಅವುಗಳ ಜತೆಯಲ್ಲಿ ಒಂದೊಂದು ಪ್ರಸಾದನಿಲಯದಲ್ಲಿಯೂ ವಿಚಾರಪೂರ್ವಕವಾಗಿ ಆರಿಸಿದ ಜ್ಞಾನಗ್ರಂಥಗಳ ಕಪಾಟೊಂದು, ಅದರ ಬಳಿಯಲ್ಲಿ ಮಕ್ಕಳು ತಮ್ಮ ಪ್ರಶ್ನೆಗಳನ್ನು ಬರೆದಿಡುವ ವಹಿಯೊಂದು ನೆಲೆಗೊಂಡರೆ, ಮುಂದಿನ ವರ್ಷ ಯಾವ ಪುಸ್ತಕಗಳನ್ನು ಕೊಳ್ಳಬೇಕೆಂಬುದನ್ನು ಆ ವಹಿಯೇ ಹೇಳುವುದು. ಕೆಳದಿಯ ಅರಸನಿಗೆ ಪ್ರಶ್ನೆ ಕೇಳಲು ಸೋಮಶೇಖರನೊಬ್ಬನಿದ್ದನು. ಮಠಗಳ ನೆರಳಿನಲ್ಲಿ ಓದುತ್ತಿರುವ ಸೋಮಶೇಖರರು ಸಾವಿರಾರು. ಅವರ ಪ್ರಶ್ನೆಗಳಿಗೆ ಕಲ್ಲಾರಿಸಿದ ಉತ್ತರವನ್ನು ಬಡಿಸುವ ಸದ್ಬುದ್ಧಿಯನ್ನು ಶ್ರೀಗುರುವು ಭಕ್ತವೃಂದಕ್ಕೆ ಕರುಣಿಸಲಿ.

॥ ಶಿವಂ ಭೂಯಾತ್ ॥